ಎದುರಾಳಿಯೂ ನೆರೆಯವನೇ

"ನಿನ್ನ ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದು" ಎಂಬ ಬೈಬಲಿನ ಆಜ್ಞೆಯನ್ನು ಕ್ರೈಸ್ತರಾದ ನಾವು ಕೋರ್ಟಿನ ಕಟಕಟೆಗಷ್ಟೇ ಬಿಟ್ಟುಕೊಟ್ಟಿದ್ದೇವೆ. ನಾಸ್ತಿಕರ ಬಗ್ಗೆ, ಅನ್ಯಧರ್ಮದವರ ಬಗ್ಗೆ, ಕ್ರೈಸ್ತರಲ್ಲೇ ಬೇರೆ ಪಂಗಡದವರ ಬಗ್ಗೆ ಮಾತಾಡುವಾಗ ಅದು ನೆನಪಿಗೇ ಬರುವುದಿಲ್ಲ. ಹಿಂದಿನವರು ಹಾಗೆ ಬಿಟ್ಟಿರಲಿಲ್ಲ. ಕ್ರೈಸ್ತ ಬೋಧನೆಯನ್ನು ಪ್ರಶ್ನೆ-ಉತ್ತರಗಳಲ್ಲಿ ಕಲಿಸುವ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಿಯ 112ನೇ ಪ್ರಶ್ನೆ ಇದೇ ಆಜ್ಞೆಯ ಕುರಿತದ್ದು. ಯಾರ ಮಾತನ್ನೂ ತಿರುಚಬಾರದು, ಅಹವಾಲು ಕೇಳದೆ ದುಡುಕಿ ಯಾರನ್ನೂ ಖಂಡಿಸಬಾರದು ಎಂದು ಅದು ಬಿಡಿಸಿ ಹೇಳುತ್ತದೆ. ಪ್ರಾಟೆಸ್ಟಂಟ್ ಸುಧಾರಕ ಲೂಥರ್ 1529ರ ಚಿಕ್ಕ ಪ್ರಶ್ನೋತ್ತರಿಯಲ್ಲಿ ಇನ್ನೂ ಮುಂದೆ ಹೋಗಿ, ನೆರೆಯವನ ನಡೆನುಡಿಗೆ ಆದಷ್ಟು ಒಳ್ಳೆಯ ಅರ್ಥವನ್ನೇ ಕೊಡಬೇಕು ಎಂದರು. ಅದೇ ಲೂಥರ್ 1543ರಲ್ಲಿ ಯೆಹೂದ್ಯರ ವಿರುದ್ಧ ಬರೆದದ್ದನ್ನು ಓದಿದರೆ, ಈ ಆಜ್ಞೆಯನ್ನು ಬೋಧಿಸಿದವನೇ ಎಷ್ಟು ಭೀಕರವಾಗಿ ಮೀರಬಲ್ಲ ಎನ್ನುವುದೂ ಗೊತ್ತಾಗುತ್ತದೆ.

"ನಮ್ಮ ಉದ್ದೇಶ ಒಳ್ಳೆಯದಲ್ಲವೇ?" ಎನ್ನುವವರಿದ್ದಾರೆ. ಈ ಪ್ರಶ್ನೆ ಹಳೆಯದು. ಸಭೆ ತಪ್ಪು ಬೋಧನೆಯೆಂದು ತಳ್ಳಿಹಾಕಿದ್ದ ಪ್ರಿಸಿಲಿಯನ್ ಪಂಥದವರು ತಮ್ಮ ನಂಬಿಕೆಯನ್ನು ಸುಳ್ಳು ಹೇಳಿ ಮರೆಮಾಚುತ್ತಿದ್ದರು. ಹಾಗಾದರೆ ನಾವೂ ಅವರ ಪಂಥದವರಂತೆ ನಟಿಸಿ ಅವರನ್ನು ಹಿಡಿಯೋಣವೇ ಎಂದು ಕೆಲವರು ಯೋಚಿಸಿದಾಗ, ಸುಮಾರು 420ರಲ್ಲಿ ಬಿಷಪ್ ಆಗಸ್ಟೀನ್ ಒಂದಿಡೀ ಗ್ರಂಥ ಬರೆದು ಬೇಡವೆಂದರು. ಸುಳ್ಳನ್ನು ಸುಳ್ಳಿನಿಂದ ಬೇಟೆಯಾಡಬಾರದು ಎನ್ನುವುದೇ ಅವರ ನಿಲುವು. ಬೈಬಲಿನ ಯೋಬನಂತೂ ಸ್ನೇಹಿತರನ್ನು ನೇರವಾಗಿಯೇ ಕೇಳುತ್ತಾನೆ: ದೇವರ ಪಕ್ಷ ವಹಿಸಿ ಅನ್ಯಾಯದ ಮಾತಾಡುತ್ತೀರಾ? (ಯೋಬ 13:7). ದೇವರಿಗೆ ನಮ್ಮ ಸುಳ್ಳಿನ ನೆರವು ಬೇಕಿಲ್ಲ.

ಡಾರ್ವಿನ್ ವಿಷಯವನ್ನೇ ತೆಗೆದುಕೊಳ್ಳಿ. ಸಾಯುವ ಮುಂಚೆ ಆತ ಪಶ್ಚಾತ್ತಾಪಪಟ್ಟು ಕ್ರಿಸ್ತನ ಕಡೆ ತಿರುಗಿದ ಎಂಬ ಕಥೆ ಇವತ್ತಿಗೂ ಓಡಾಡುತ್ತಿದೆ. ಆತ ತೀರಿಕೊಂಡದ್ದು 1882ರಲ್ಲಿ. ಲೇಡಿ ಹೋಪ್ ಎಂಬಾಕೆಯ ಹೆಸರಿನಲ್ಲಿ ಈ ಕಥೆ ಅಚ್ಚಾದದ್ದು 1915ರಲ್ಲಿ. ಕೊನೆಗಾಲದಲ್ಲಿ ತಂದೆಯ ಹಾಸಿಗೆಯ ಬಳಿ ತಾನೇ ಇದ್ದೆ, ಆ ಕಾಯಿಲೆಯ ಸಮಯದಲ್ಲಿ ಲೇಡಿ ಹೋಪ್ ಅಲ್ಲಿರಲಿಲ್ಲ ಎಂದು ಮಗಳು ಹೆನ್ರಿಯೆಟ್ಟಾ 1922ರಲ್ಲಿ ಸ್ಪಷ್ಟವಾಗಿ ನಿರಾಕರಿಸಿದರು. ಕಣ್ಣಿನ ಬಗ್ಗೆ ಡಾರ್ವಿನ್ ಬರೆದ ಸಾಲಿನ ಪಾಡೂ ಇದೇ. ಇಷ್ಟು ಸಂಕೀರ್ಣವಾದ ಅಂಗ ನೈಸರ್ಗಿಕ ಆಯ್ಕೆಯಿಂದ ಆಯಿತೆನ್ನುವುದು ತೀರಾ ಅಸಂಬದ್ಧವೆಂದು ತೋರುತ್ತದೆ ಎಂದು 1859ರ ಪುಸ್ತಕದಲ್ಲಿ ಆತ ಬರೆದದ್ದು ನಿಜ. ಆದರೆ ಸರಳ ಕಣ್ಣಿನಿಂದ ಸಂಕೀರ್ಣ ಕಣ್ಣಿನವರೆಗಿನ ಹಂತಗಳನ್ನು ತೋರಿಸಲಾದರೆ ಆ ಕಷ್ಟ ನಿಲ್ಲುವುದಿಲ್ಲ ಎಂದು ಅದರ ಬೆನ್ನಿಗೇ ಹೇಳುತ್ತಾನೆ. ನಮ್ಮವರು ಮೊದಲ ಸಾಲನ್ನಷ್ಟೇ ಕತ್ತರಿಸಿಕೊಳ್ಳುತ್ತಾರೆ. ವಿಕಾಸವಾದವನ್ನು ಒಪ್ಪುವುದು ಬಿಡುವುದು ಬೇರೆ ಮಾತು, ಆ ಕತ್ತರಿ ಮಾತ್ರ ಸುಳ್ಳುಸಾಕ್ಷಿ.

ಹೀಗೆ ಕತ್ತರಿಸಿದ್ದನ್ನು ಪತ್ತೆಹಚ್ಚುವುದು ಸುಲಭ. ಉಲ್ಲೇಖದ ಮೂಲ ಪುಟ ತೆರೆದು ಹಿಂದಿನ ಒಂದು ಪ್ಯಾರಾ, ಮುಂದಿನ ಎರಡು ಪ್ಯಾರಾ ಓದಿದರೆ ಸಾಕು. ಮೂಲ ಸಿಗದಿದ್ದರೆ ಬಳಸಲೇಬೇಡಿ. ಸುಲಭಕ್ಕೆ ಕಣ್ಣಿಗೆ ಬೀಳದ ತಪ್ಪು ಇನ್ನೊಂದಿದೆ: ಎದುರಾಳಿಯ ಮಾತಿನಿಂದ ನಾವು ಎಳೆದ ತೀರ್ಮಾನವನ್ನು ಅವನ ಬಾಯಿಗೇ ತುರುಕುವುದು. "ದೇವರಿಲ್ಲದಿದ್ದರೆ ನೀತಿಗೆ ಬುನಾದಿ ಇಲ್ಲ" ಎನ್ನುವುದು ನಮ್ಮ ವಾದ. ಅದನ್ನು ಮಂಡಿಸಲು ನಮಗೆ ಪೂರ್ತಿ ಹಕ್ಕಿದೆ. ಆದರೆ "ನಾಸ್ತಿಕರಿಗೆ ನೀತಿಯೇ ಬೇಡ" ಎಂದ ಕೂಡಲೇ ಅವರು ಹೇಳದೇ ಇದ್ದದ್ದನ್ನು ಹೇಳಿದರೆಂದು ಸಾಕ್ಷಿ ನುಡಿದಂತಾಯಿತು. ಕ್ಯಾಥೊಲಿಕರು ಮರಿಯಳನ್ನು ಆರಾಧಿಸುತ್ತಾರೆ ಎಂಬ ಪ್ರಾಟೆಸ್ಟಂಟರ ಆರೋಪವೂ ಇದೇ ಜಾತಿಯದು. ಆರಾಧನೆ ದೇವರಿಗೊಬ್ಬನಿಗೇ, ಮರಿಯಳಿಗೆ ಸಲ್ಲುವುದು ಗೌರವ ಎಂದು ಅವರ ಬೋಧನೆ ಸ್ಪಷ್ಟವಾಗಿ ಬೇರ್ಪಡಿಸುತ್ತದೆ. ಆಚರಣೆಯಲ್ಲಿ ಆ ಗೆರೆ ಅಳಿಸಿಹೋಗುತ್ತದೆ ಎಂದು ವಾದಿಸಿ, ಬೇಡ ಎನ್ನುವುದಿಲ್ಲ. ಆದರೆ ಆ ಗೆರೆಯನ್ನು ಅವರು ಎಳೆದಿದ್ದಾರೆ ಎನ್ನುವುದನ್ನು ಮೊದಲು ಹೇಳಿ. ನಮ್ಮ ಸಂತರನ್ನು ಅವರ ಪುಂಡರ ಪಕ್ಕ ನಿಲ್ಲಿಸಿ ಹೋಲಿಸುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಮಧ್ಯಯುಗದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್‌ರ ಕ್ರಮ ಇಂದಿಗೂ ಕೆಲಸಕ್ಕೆ ಬರುತ್ತದೆ. ದೇವರಿದ್ದಾನೆಯೇ ಎಂಬ ಪ್ರಶ್ನೆಯನ್ನು ಅವರು ಶುರುಮಾಡುವುದೇ ಎದುರು ಪಕ್ಷದ ಎರಡು ಆಕ್ಷೇಪಗಳಿಂದ. ಅನಂತ ಒಳಿತಿನ ದೇವರಿದ್ದರೆ ಕೆಡುಕು ಹೇಗೆ ಉಳಿಯಿತು, ನಿಸರ್ಗ ಮತ್ತು ಮನುಷ್ಯರ ಇಚ್ಛೆಯಿಂದಲೇ ಎಲ್ಲವನ್ನೂ ವಿವರಿಸಬಹುದಾದರೆ ದೇವರೇಕೆ? ಇವತ್ತಿನ ನಾಸ್ತಿಕರು ಕೇಳುವುದೂ ಹೆಚ್ಚುಕಡಿಮೆ ಇವನ್ನೇ. ನಿಮ್ಮ ಬರಹದಲ್ಲೂ ಹಾಗೇ ಮಾಡಿ. ಎದುರಾಳಿಯ ವಾದವನ್ನು ನಾಲ್ಕು ಸಾಲಿನಲ್ಲಿ ಬರೆದು, ಆ ಪಕ್ಷದವರೊಬ್ಬರಿಗೆ ತೋರಿಸಿ "ಇದು ನಿಮ್ಮ ಮಾತೇ ತಾನೇ?" ಎಂದು ಕೇಳಿ. ಅವರು ಹೌದೆನ್ನುವವರೆಗೆ ಉತ್ತರ ಶುರುಮಾಡಬೇಡಿ.

ಇಷ್ಟಾದರೂ ಸುಳ್ಳೊಂದನ್ನು ಹಂಚಿಬಿಟ್ಟಿದ್ದು ಗೊತ್ತಾದರೆ, ಸದ್ದಿಲ್ಲದೆ ಅಳಿಸಿ ಸುಮ್ಮನಾಗಬೇಡಿ. ಹಂಚಿದ ಜಾಗದಲ್ಲೇ, ಅಷ್ಟೇ ಎದ್ದು ಕಾಣುವಂತೆ, ಯಾವ ಮಾತು ತಪ್ಪು ಮತ್ತು ಸರಿಯಾದದ್ದು ಏನು ಎಂದು ಬರೆಯಿರಿ. ಬರೀ ಅಳಿಸಿದರೆ, ಅದನ್ನು ನಂಬಿ ಆಗಲೇ ಬೇರೆಡೆಗೆ ದಾಟಿಸಿದವರಿಗೆ ವಿಷಯ ತಿಳಿಯುವುದೇ ಇಲ್ಲ.