‘ಬರದ ಕೊಡ್ರಿ ಸರ್’

ವಿಜಯಪುರ, ಬಾಗಲಕೋಟೆ ಕಡೆ ಅಂಗವಿಕಲ ಮಗುವನ್ನು ಶಾಲೆಗೆ ಕರೆದೊಯ್ದವರಿಗೆ ‘ಆಗೂದಿಲ್ಲ’ ಎಂದು ಯಾರೂ ನೇರವಾಗಿ ಹೇಳುವುದಿಲ್ಲ. ‘ಇವಗ ಸ್ಪೆಷಲ್ ಸಾಲಿನ ಛಲೋ ರೀ’, ‘ಮೊದಲ ಕಾರ್ಡ್ ಮಾಡಿಸ್ಕೊಂಡ ಬರ್ರಿ’ ಎನ್ನುತ್ತಾರೆ. ಎಲ್ಲ ಬಾಯಿಮಾತು, ಬರೆದು ಕೊಡುವುದು ಏನೂ ಇಲ್ಲ. ನಾನಿರುವ ಅಮೆರಿಕಕ್ಕೂ ನಮ್ಮೂರಿಗೂ ದೊಡ್ಡ ಅಂತರ ಇಲ್ಲೇ ಇದೆ.

1975ರಲ್ಲಿ ಬಂದ ಅಮೆರಿಕದ ವಿಶೇಷ ಶಿಕ್ಷಣ ಕಾನೂನಿನಡಿ, ತಂದೆತಾಯಿ ಕೇಳಿದ್ದನ್ನು ಸರ್ಕಾರಿ ಶಾಲೆ ಒಪ್ಪದಿದ್ದರೆ ಕಾರಣವನ್ನು, ಅದಕ್ಕೆ ಆಧಾರವಾದ ದಾಖಲೆಯನ್ನು ಬರೆದೇ ಕೊಡಬೇಕು; ಆದಷ್ಟೂ ಅವರದೇ ಭಾಷೆಯಲ್ಲಿ. ಪೋಷಕರ ಒಪ್ಪಿಗೆ ಸಿಕ್ಕ 60 ದಿನಗಳಲ್ಲಿ ಅಥವಾ ಆಯಾ ರಾಜ್ಯದ ಗಡುವಿನಲ್ಲಿ ಮಗುವಿನ ಮೌಲ್ಯಮಾಪನ ಮುಗಿಯಬೇಕು. ಆಮೇಲೆ ಐಇಪಿ, ಅಂದರೆ ಆ ಒಂದು ಮಗುವಿಗೆಂದೇ ಬರೆದ ಕಲಿಕಾ ಯೋಜನೆ. ಮಾತಿನ ತರಬೇತಿ ವಾರಕ್ಕೆ ಎಷ್ಟು ಸಲ, ಎಷ್ಟು ನಿಮಿಷ, ಯಾವ ತಾರೀಕಿನಿಂದ. ಉಳಿದ ಮಕ್ಕಳಿಂದ ಬೇರೆ ಕೂರಿಸುವುದಾದರೆ ಎಷ್ಟು ಹೊತ್ತು, ಯಾಕೆ, ಎಲ್ಲವೂ ಅದರಲ್ಲಿರುತ್ತದೆ. ವರ್ಷಕ್ಕೊಮ್ಮೆಯಾದರೂ ಅದನ್ನು ಮತ್ತೆ ನೋಡಲೇಬೇಕು. ಕೊರತೆಗಳು ಇಲ್ಲೂ ಇವೆ. ವಕೀಲರನ್ನು ಹಿಡಿಯಬಲ್ಲವರ ಮಕ್ಕಳಿಗೆ ಹೆಚ್ಚು ದಕ್ಕುತ್ತದೆ. ಆದರೂ ಬಡ ತಾಯಿಯ ಕೈಯಲ್ಲೂ ಒಂದು ಕಾಗದ ಇರುತ್ತದೆ.

ನಮ್ಮ ಕಾನೂನೂ ಗಟ್ಟಿಯಾಗಿಯೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಕಲಂ ಪ್ರಕಾರ ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಶಾಲೆ ಭೇದ ಮಾಡದೆ ಸೇರಿಸಿಕೊಳ್ಳುವಂತೆ ಸರ್ಕಾರ ನೋಡಿಕೊಳ್ಳಬೇಕು. ಆ ಕಲಂ ನ್ಯೂನತೆ ಶೇಕಡಾ ಎಷ್ಟೆಂದು ಕೇಳುವುದೇ ಇಲ್ಲ. ಶೇ 40ರ ಪ್ರಮಾಣಪತ್ರ ಬೇಕಾಗುವುದು 31ನೇ ಕಲಮಿಗೆ, 6ರಿಂದ 18 ವರ್ಷದವರೆಗಿನ ಉಚಿತ ಶಿಕ್ಷಣಕ್ಕೆ. 14ರ ತನಕ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಹೇಗೂ ಇದೆ. ಸೌಲಭ್ಯಗಳಿಗಾಗಿ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ. ಕಾರ್ಡ್ ಬರಲಿಲ್ಲವೆಂದು ದಾಖಲಾತಿ ನಿಲ್ಲಿಸಿದರೆ ಮಾತ್ರ ಒಪ್ಪಬೇಡಿ.

ನನಗೆ ಹೆಚ್ಚು ಸಂಕಟವಾಗುವುದು ಗೃಹಾಧಾರಿತ ಶಿಕ್ಷಣದ ಬಗ್ಗೆ. 2012ರ ಆರ್‌ಟಿಇ ತಿದ್ದುಪಡಿ ಅದನ್ನು ಬಹುವಿಧ ಅಥವಾ ತೀವ್ರ ನ್ಯೂನತೆಯ ಮಗುವಿನ ಹಕ್ಕಾಗಿ ಕೊಟ್ಟಿತು, ಆಯ್ಕೆ ಮನೆಯವರದು. ಇಳಿಜಾರು ಇಲ್ಲ, ಹಿಡಿಕೆಯಿರುವ ಶೌಚಾಲಯ ಇಲ್ಲ ಎಂದು ಗಾಲಿಕುರ್ಚಿಯ ಮಗುವಿನ ಹೆಸರನ್ನು ಆ ಪಟ್ಟಿಗೆ ತಳ್ಳಿದರೆ, ಮಗು ಹಾಜರಿ ಪುಸ್ತಕದಲ್ಲಿರುತ್ತದೆ, ದಿನವಿಡೀ ಪಡಸಾಲೆಯಲ್ಲಿ ಮಲಗಿರುತ್ತದೆ. ವಿಶೇಷ ಶಿಕ್ಷಕರು 1ರಿಂದ 5ನೇ ತರಗತಿಯಲ್ಲಿ 10 ಅಂಗವಿಕಲ ಮಕ್ಕಳಿಗೊಬ್ಬರು, 6ರಿಂದ 8ರಲ್ಲಿ 15ಕ್ಕೊಬ್ಬರು ಇರಬೇಕೆಂದು ಕೇಂದ್ರ ಸರ್ಕಾರ 2022ರಲ್ಲೇ ಅಧಿಸೂಚನೆ ಹೊರಡಿಸಿದೆ. ನಮ್ಮಲ್ಲಿ ಬಿಐಇಆರ್‌ಟಿ ಎಂಬ ವಿಶೇಷ ಶಿಕ್ಷಕರು ತಾಲ್ಲೂಕಿನ ಶಾಲೆಗಳನ್ನು ಸುತ್ತುತ್ತಲೇ ಇರುತ್ತಾರೆ.

ಬೆಳಗಾವಿಯ ಮರಾಠಿ ಶಾಲೆಯ ಕಿವುಡ ಮಗುವಿಗೆ ಕನ್ನಡ, ಇಂಗ್ಲಿಷ್ ಎರಡೂ ಭಾರ. ಅದೇ 2016ರ ಕಾಯ್ದೆಯ 17ನೇ ಕಲಂ ಎರಡನೇ, ಮೂರನೇ ಭಾಷೆಯಿಂದ ವಿನಾಯಿತಿ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಮತ್ತು ಬರೆಯುವವರ ನೆರವನ್ನು ಹೇಳುತ್ತದೆ. ಎಸ್ಸೆಸ್ಸೆಲ್ಸಿ ಅರ್ಜಿ ತುಂಬುವಾಗ ನೆನಪಾದರೆ ತಡವಾಯಿತು. ಒಂಬತ್ತನೇ ತರಗತಿಯ ಜೂನ್‌ನಲ್ಲೇ ಕೇಳಿ.

ಏನೇ ಕೇಳುವುದಿದ್ದರೂ ಬರೆದೇ ಕೇಳಿ; ಅರ್ಜಿ ಎರಡು ಪ್ರತಿ ಇರಲಿ. ನಿಮ್ಮ ಪ್ರತಿಯ ಮೇಲೆ ಮುಖ್ಯಶಿಕ್ಷಕರ ಸಹಿ, ತಾರೀಕು, ಸೀಲು ಹಾಕಿಸಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಶೀದಿ ಇಟ್ಟುಕೊಳ್ಳಿ. ಮುಂದೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು). ಚಿಕ್ಕೋಡಿಗೆ ಬೇರೆಯೇ ಡಿಡಿಪಿಐ ಇದ್ದಾರೆ. ಅಲ್ಲೂ ಆಗದಿದ್ದರೆ ಬೆಂಗಳೂರಿನ ರಾಜ್ಯ ಅಂಗವಿಕಲರ ಆಯುಕ್ತರು. ಅವರ ಶಿಫಾರಸಿನ ಮೇಲೆ ಏನು ಮಾಡಿದೆವೆಂದು ಇಲಾಖೆ ಮೂರು ತಿಂಗಳಲ್ಲಿ ತಿಳಿಸಬೇಕು. ಅಮೆರಿಕದಲ್ಲಿ ಇಂಥ ದೂರುಗಳ ವಿಚಾರಣೆಯನ್ನು ಪೋಷಕರಿಗೆ ಅನುಕೂಲವಾದ ಜಾಗದಲ್ಲಿ, ಅನುಕೂಲವಾದ ಹೊತ್ತಿನಲ್ಲಿ ನಡೆಸಬೇಕೆಂಬ ನಿಯಮವಿದೆ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ತಾಯಿಗೂ ಇಂಡಿ ಊರಲ್ಲೇ, ಕೂಲಿ ತಪ್ಪದ ಹೊತ್ತಿನಲ್ಲಿ ವಿಚಾರಣೆ ಸಿಗಬೇಕು.