ಲೋ ಡೋಸ್ ಸಿಟಿ ಸ್ಕ್ಯಾನ್ ಬಗ್ಗೆ ಓಡಾಡ್ತಿರೋ ಮೆಸೇಜ್ ಸರಿಯಿಲ್ಲ

ಡೊಂಬಿವಲಿ, ಠಾಣೆ ಕಡೆಯ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಫಾರ್ವರ್ಡ್ ಸುತ್ತಾಡ್ತಿದೆ, "ಲೋ ಡೋಸ್ ಸಿಟಿ ಮಾಡಿಸ್ಬೇಡಿ, ಫೋಟೋ ಮಸುಕಾಗಿ ಬರುತ್ತೆ, ಆಮೇಲೆ ಕಂಪ್ಯೂಟರ್ ತನಗೆ ತೋಚಿದ್ದನ್ನ ತುಂಬಿಸುತ್ತೆ" ಅಂತ. ಲೋ ಡೋಸ್ ಅಂದ್ರೆ ಮಾಮೂಲಿಗಿಂತ ಕಮ್ಮಿ ಎಕ್ಸ್‌ರೇ ಬಿಟ್ಟು ಮಾಡೋ ಸಿಟಿ ಸ್ಕ್ಯಾನ್. ದಯವಿಟ್ಟು ಮುಂದೆ ಕಳಿಸ್ಬೇಡಿ, ವಯಸ್ಸಾದವರು ಹೆದರ್ಕೊಂಡು ಸ್ಕ್ಯಾನೇ ಬೇಡ ಅಂತಿದಾರೆ.

ಮಸುಕಾಗುತ್ತೆ ಅನ್ನೋದೊಂದು ನಿಜ. ಎಕ್ಸ್‌ರೇ ಕಮ್ಮಿ ಬಿಟ್ರೆ ದೇಹ ದಾಟಿ ಬಂದ ಎಕ್ಸ್‌ರೇ ಅಳೆಯೋ ಡಿಟೆಕ್ಟರ್‌ಗೆ ತಲುಪೋ ಫೋಟಾನ್ (ಎಕ್ಸ್‌ರೇ ಕಣ) ಕಮ್ಮಿ, ಅದಕ್ಕೆ ಇಮೇಜ್‌ನಲ್ಲಿ ಕಾಳುಕಾಳಾಗಿ ನಾಯ್ಸ್ ಕಾಣುತ್ತೆ, ಡೋಸ್ ಕಾಲು ಭಾಗಕ್ಕೆ ಇಳಿಸಿದ್ರೆ ನಾಯ್ಸ್ ಹೆಚ್ಚುಕಮ್ಮಿ ಡಬಲ್. ಆದ್ರೆ ತೋಚಿದ್ದನ್ನ ತುಂಬಿಸೋದು ಅನ್ನೋದು ತಪ್ಪು. ಇಟರೇಟಿವ್ ರೀಕನ್‌ಸ್ಟ್ರಕ್ಷನ್ ಅಂತ ಒಂದು ವಿಧಾನ ಇದೆ, ಅದ್ರಲ್ಲಿ ಕಂಪ್ಯೂಟರ್ ಮೊದಲು ಒಂದು ಇಮೇಜ್ ಕಟ್ಟಿ, ದೇಹ ಹೀಗೇ ಇದ್ದಿದ್ರೆ ಡಿಟೆಕ್ಟರ್‌ನಲ್ಲಿ ಎಷ್ಟು ಅಳತೆ ಬರ್ಬೇಕಿತ್ತು ಅಂತ ಲೆಕ್ಕ ಹಾಕಿ, ನಿಜವಾಗಿ ಬಂದ ಅಳತೆ ಜೊತೆ ಹೋಲಿಸಿ ತಿದ್ದುತ್ತೆ, ಮತ್ತೆ ಹೋಲಿಸುತ್ತೆ, ಮತ್ತೆ ತಿದ್ದುತ್ತೆ. ಅಂದ್ರೆ ನಿಮ್ಮ ದೇಹದಿಂದ ಬಂದ ಅಳತೆಗೇ ಅದು ಕಟ್ಟುಬಿದ್ದಿರುತ್ತೆ. 2019ರಿಂದ ಡೀಪ್ ಲರ್ನಿಂಗ್, ಅಂದ್ರೆ ತುಂಬಾ ಸ್ಕ್ಯಾನ್ ನೋಡಿ ಕಲಿತ ಕಂಪ್ಯೂಟರ್ ಪ್ರೋಗ್ರಾಂ ಬಳಸಿ ನಾಯ್ಸ್ ಕಮ್ಮಿ ಮಾಡೋ ವಿಧಾನಗಳಿಗೂ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ.

ಮಿತಿನೂ ಇದೆ, ಮುಚ್ಚಿಡಬಾರ್ದು. ನಾಯ್ಸ್ ತೆಗೆಯೋಕೆ ಅಂತ ಇಮೇಜ್‌ನ ಅತಿಯಾಗಿ ನಯ ಮಾಡಿದ್ರೆ ಲಿವರ್‌ನಲ್ಲಿರೋ ಸಣ್ಣ, ಸುತ್ತಲಿನ ಭಾಗಕ್ಕಿಂತ ಅಷ್ಟೇನೂ ಬೇರೆಯಾಗಿ ಕಾಣದ ಗಂಟು ಕಾಣದೇ ಹೋಗಬಹುದು. ಅದಕ್ಕೇ ಲೋ ಡೋಸ್ ಎಲ್ಲದಕ್ಕೂ ಬಳಸಲ್ಲ. ಶ್ವಾಸಕೋಶದ ಸ್ಕ್ರೀನಿಂಗ್ (ತೊಂದರೆ ಕಾಣಿಸ್ಕೊಳ್ಳೋ ಮೊದಲೇ ಕ್ಯಾನ್ಸರ್ ಇದೆಯಾ ಅಂತ ನೋಡೋದು), ಕಿಡ್ನಿ ಸ್ಟೋನ್‌ಗೆ ಚೆನ್ನಾಗಿ ಆಗುತ್ತೆ, ಯಾಕಂದ್ರೆ ಅಲ್ಲಿ ಗಂಟಿಗೂ ಸುತ್ತಲಿನ ಗಾಳಿಗೂ, ಕಲ್ಲಿಗೂ ಮಾಂಸಕ್ಕೂ ವ್ಯತ್ಯಾಸ ಎದ್ದು ಕಾಣುತ್ತೆ. 2011ರಲ್ಲಿ ಬಂದ ಅಮೆರಿಕದ ದೊಡ್ಡ ಟ್ರಯಲ್‌ನಲ್ಲಿ ತುಂಬಾ ಸಿಗರೇಟ್ ಸೇದ್ತಿದ್ದವರಿಗೆ ಮಾಮೂಲಿ ಎದೆ ಎಕ್ಸ್‌ರೇ ಬದಲು ಲೋ ಡೋಸ್ ಸಿಟಿ ಮಾಡಿದಾಗ ಶ್ವಾಸಕೋಶದ ಕ್ಯಾನ್ಸರ್ ಸಾವು 20% ಕಮ್ಮಿ ಆಯ್ತು. ಯಾವ ಡೋಸ್ ಅನ್ನೋದನ್ನ ಫಾರ್ವರ್ಡ್ ನೋಡಿ ತೀರ್ಮಾನ ಮಾಡ್ಬೇಡಿ, ರೇಡಿಯಾಲಜಿ ಡಾಕ್ಟರ್‌ನ ಕೇಳಿ.