ಹೆಸರು ಬರೆಯತಕ್ಕದ್ದಲ್ಲ

2025ರಲ್ಲಿ ಬಾನು ಮುಷ್ತಾಕರಿಂದ ಹಾಸನಕ್ಕೆ ಅಂತರರಾಷ್ಟ್ರೀಯ ಬುಕರ್ ಬಂದದ್ದೇ ತಡ, ಕತೆಗಾರರಿಗಿಂತ ಕಥಾಸ್ಪರ್ಧೆಗಳೇ ಜಾಸ್ತಿಯಾದವು. ಈ ವಾರದ ಪ್ರಕಟಣೆಯನ್ನು ನೀವೂ ನೋಡಿರುತ್ತೀರಿ, ಅದು ಯಾವ ವಾಟ್ಸಾಪ್ ಗುಂಪನ್ನೂ ಬಿಟ್ಟಿಲ್ಲ. ಹೊಸ ಕತೆಗಾರರಿಗೆ, ಚಿತ್ರಕತೆ ಬರೆಯುವವರಿಗೆ ಸುವರ್ಣಾವಕಾಶ. ಪ್ರವೇಶ ಶುಲ್ಕ ಐನೂರು, ಮೊದಲ ಬಹುಮಾನ ಐದು ಸಾವಿರ. ಹತ್ತು ಜನ ಕಟ್ಟಿದರೆ ಬಹುಮಾನದ ದುಡ್ಡು ಹುಟ್ಟಿತು. ಹನ್ನೊಂದನೆಯವನಿಂದ ಮುಂದೆ ಸಾಹಿತ್ಯ ಸೇವೆ.

ಕತೆ 2,000 ಪದ ಮೀರಬಾರದಂತೆ. ಪದ ಅಂದರೆ ಏನು? ಕಂಪ್ಯೂಟರ್ ಎಣಿಸುವುದು ನಡುವಿನ ಖಾಲಿ ಜಾಗವನ್ನು. ‘ಹೋಗಬೇಕಾಗಿ ಬಂದಿದ್ದರಿಂದ’ ಎಂದರೆ ಎರಡು, ಅಂಟಿಸಿ ಬರೆದರೆ ಒಂದೇ. ಕೈ ಬಿಗಿಯಿರುವ ಕತೆಗಾರ ಹೀಗೇ ನೂರಿನ್ನೂರು ಪದ ಉಳಿಸಬಹುದು. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಲೋಪ, ಆಗಮ, ಆದೇಶಗಳು ಕೊನೆಗೂ ದುಡಿಮೆಗೆ ಬಿದ್ದವು.

ಟೈಪು ಮಾತ್ರ ‘ನುಡಿ’ ತಂತ್ರಾಂಶದಲ್ಲೇ ಆಗಬೇಕು. ನುಡಿಯ ಹಳೆಯ ಫಾಂಟು ಇಂಗ್ಲಿಷ್ ಅಕ್ಷರದ ಸಂಕೇತಗಳ ಮೇಲೆ ಕನ್ನಡದ ಚಿತ್ರ ಕೂರಿಸಿದ್ದು. ಆ ಫಾಂಟಿಲ್ಲದ ಮೊಬೈಲಿನಲ್ಲಿ ತೀರ್ಪುಗಾರರು ಕಡತ ತೆರೆದರೆ ಸಕಲೇಶಪುರದ ಮಳೆ, ಕಾಫಿ ತೋಟ, ನಾಯಕಿ ಎಲ್ಲರೂ ಟೊಪ್ಪಿ ಹಾಕಿದ ರೋಮನ್ ಅಕ್ಷರಗಳು. ಯೂನಿಕೋಡಿಗೆ ಬದಲಾಯಿಸಲು ಹೋದರೆ ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ. ಪಿಡಿಎಫ್ ಮಾಡಿದರೆ ಫಾಂಟ್ ಅದರೊಳಗೇ ಸೇರಿ ಕತೆ ಕ್ಷೇಮವಾಗಿ ತಲುಪುತ್ತದೆ. ಆದ್ದರಿಂದಲೇ ಏನೋ, ಪಿಡಿಎಫ್ ಸ್ವೀಕರಿಸುವುದಿಲ್ಲ.

ಚಿತ್ರಕತೆಯವರ ಪಾಡು ಇನ್ನೊಂದು. ಪುಟಕ್ಕೊಂದು ನಿಮಿಷವೆಂದು ಲೆಕ್ಕ ಹಾಕಿ ತೊಂಬತ್ತು ಪುಟ ಕೇಳಿದ್ದಾರೆ. ಅದು ಹನ್ನೆರಡು ಪಾಯಿಂಟಿನ ಕೊರಿಯರ್ ಅಕ್ಷರದ ಲೆಕ್ಕ, ಕೊರಿಯರಿನಲ್ಲಿ ಕನ್ನಡವೇ ಇಲ್ಲ. ಸಂಭಾಷಣೆ ಜೋರಾಗಿ ಓದಿ ಗಡಿಯಾರ ನೋಡಿಕೊಳ್ಳುವುದೊಂದೇ ದಾರಿ.

ಯಾವ ಪುಟದಲ್ಲೂ ಹೆಸರಿರಬಾರದು, ಬೇರೆ ಹಾಳೆಯಲ್ಲಿರಬೇಕು. ನ್ಯಾಯವೇ, ತೀರ್ಪುಗಾರರಿಗೆ ನೆಂಟರ ಗುರುತು ಸಿಗಬಾರದಲ್ಲ. ಆದರೆ ಕೊನೆಯ ನಿಯಮ ಓದಿ: ಬಹುಮಾನ ಬಾರದವೂ ಸೇರಿ ಬಂದ ಕೃತಿಗಳ ಸರ್ವ ಹಕ್ಕೂ ಸಂಘಟಕರದ್ದು. ಇಲ್ಲಿಂದ ಬೇಲೂರು ನಲವತ್ತು ಕಿಲೋಮೀಟರ್ ಆಚೀಚೆ. ಅಲ್ಲಿ 1117ರ ಗುಡಿ ಕಟ್ಟಿಸಿದವನು ವಿಷ್ಣುವರ್ಧನ. ಶಿಲ್ಪದಡಿಯ ಹೆಸರು ಬಳ್ಳಿಗಾವೆಯ ದಾಸೋಜನದು, ಮಗ ಚಾವಣನದು. ಬಿರುದು ಸಮೇತ ಕೆತ್ತಿಕೊಂಡಿದ್ದಾರೆ. ರಾಜನೇ ಬೇಡವೆನ್ನಲಿಲ್ಲ. ಬ್ಯಾನರ್ ಕಟ್ಟಿದ ಇವರಿಗೆ ಎಲ್ಲವೂ ಬೇಕು.

ಸಾಕಾಗಿದೆ ಕಣ್ರೀ. ದುಡ್ಡು ಕಟ್ಟಿ, ಸೋತು, ಕತೆಯನ್ನೂ ಬಿಟ್ಟುಕೊಡಬೇಕು ಅನ್ನುವುದು ದರೋಡೆ. ಹೊಸ ಹುಡುಗರಿಗೆ ಯಾರೂ ಹೇಳುವುದಿಲ್ಲ: 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹಕ್ಕಿನ ವರ್ಗಾವಣೆ ಸಹಿಯಿರುವ ಬರಹದಲ್ಲೇ ಆಗಬೇಕು. ಅವಧಿ ಬರೆದಿರದಿದ್ದರೆ ಐದೇ ವರ್ಷ, ಪ್ರದೇಶ ಬರೆದಿರದಿದ್ದರೆ ಭಾರತ ಮಾತ್ರ. ಹಾಗಾಗಿ ಸಹಿಗೆ ಮುನ್ನ ‘ಶಾಶ್ವತವಾಗಿ’, ‘ಜಗತ್ತಿನಾದ್ಯಂತ’ ಎಂಬ ಪದಗಳನ್ನು ಹುಡುಕಿ. ಸಿಕ್ಕರೆ ಐನೂರು ಜೇಬಿನಲ್ಲೇ ಇರಲಿ.

ಫಲಿತಾಂಶ ಯಾವಾಗ? ಹಾಸನಾಂಬೆಯಾದರೂ ವರ್ಷಕ್ಕೊಮ್ಮೆ ಬಾಗಿಲು ತೆಗೆಯುತ್ತಾಳೆ. ಇವರು ‘ಶೀಘ್ರದಲ್ಲೇ’ ಎಂದಿದ್ದಾರೆ. ಶುಲ್ಕ ಕಟ್ಟುವ ಕೊನೆಯ ದಿನದ ಮುಂದೆ ಮಾತ್ರ ಗಂಟೆ, ನಿಮಿಷ ಸಮೇತ ಇದೆ.